ಹಗ್ಗ ಮುಟ್ಟದವರ ಪಾಲು

ಆ ವರ್ಷ ಜಟಗನಕೇರಿಯ ಬಲೆಗೆ ಬಂಗಡೆ ಬೀಳಲಿಲ್ಲ, ಅಂಬಲಿಯಂಥ ಲೋಳೆಮೀನು ಬಿತ್ತು. ಹೊನ್ನಾವರ ದಾಟಿ ಕುಮಟೆಯ ಕಡೆಗೆ ಹೋಗುವ ದಂಡೆಯಲ್ಲಿ ಇರುವ ಸಣ್ಣ ಕೇರಿ ಅದು. ಅಲ್ಲಿನವರದು ರಂಪಣಿ ಬಲೆ. ದೋಣಿಯಲ್ಲಿ ಬಲೆ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುವುದು, ಆಮೇಲೆ ಎರಡು ತುದಿಯ ಹಗ್ಗ ಹಿಡಿದು ಇಡೀ ಕೇರಿ ದಡದಲ್ಲಿ ನಿಂತು ಎಳೆಯುವುದು. ಮೀನು ದಡಕ್ಕೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಅದು ದಡಕ್ಕೆ ಬರುವ ಮೊದಲೇ ತೆಂಕು ದಿಕ್ಕಿನಿಂದ ಬಂದ ಮಿಷನ್ ಬೋಟುಗಳು ಬಳಿದುಕೊಂಡು ಹೋಗುತ್ತಿದ್ದವು. ಕೇರಿಯವರು ದಡದಲ್ಲಿ ನಿಂತು ಬೈದರು. ಬೈಗುಳ ಅಷ್ಟು ದೂರ ಹೋಗುವುದಿಲ್ಲ.

ಎಂಬತ್ತರ ಆಚೀಚೆಯ ಮಾತು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿಗೆ ಸೇರಿ ಸರ್ಕಾರ ಮೀನುಗಾರರ ಸಲಹಾ ಸಮಿತಿ ಎಂದು ಒಂದನ್ನು ಮಾಡಿತು. ಅದಕ್ಕೆ ಅಧ್ಯಕ್ಷರಾದವರು ಮಹಾಬಲ ಹೆಗಡೆಯವರು. ಮೇಲಿನ ಸೀಮೆಯ ತೋಟಸ್ಥರು, ಅಸೆಂಬ್ಲಿ ಟಿಕೆಟು ತಪ್ಪಿದ್ದಕ್ಕೆ ಸಮಾಧಾನಕ್ಕೆಂದು ಪಕ್ಷ ಅವರಿಗೆ ಈ ಕುರ್ಚಿ ಕೊಟ್ಟಿತ್ತು. ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಸ್ನಾನ ಮಾಡುವ ಜನ. ಹೆಬಳೆಯ ಕಿರಾಣಿ ಅಂಗಡಿಯ ಗಣಪ ನಾಯ್ಕರು ಒಬ್ಬ ಸದಸ್ಯರು, ಹೊಳನಗದ್ದೆಯ ಅಕ್ಕಿ ಗಿರಣಿಯವರು ಇನ್ನೊಬ್ಬರು. ಹೀಗೆ ಎಲ್ಲ ಆದ ಮೇಲೆ, ನಿಜವಾಗಿ ಬಲೆ ಎಳೆಯುವವನೂ ಒಬ್ಬ ಬೇಕು ಎಂದು ಯಾರೋ ನೆನಪಿಸಿದ್ದಕ್ಕೆ ಜಟಗನಕೇರಿಯ ಈರ ಮೊಗೇರನ ಹೆಸರು ಸೇರಿತು.

ಈರ ನಾಲ್ಕನೇ ಇಯತ್ತೆ ಓದಿದವನು, ಹೆಚ್ಚು ಮಾತಿನವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ತಿಳಿದುಕೊಳ್ಳುವ ಸ್ವಭಾವ. ಸಭೆಯಲ್ಲಿ ಹೆಗಡೆಯವರು, ಕೇರಳಕ್ಕೆ ಅಧ್ಯಯನ ಪ್ರವಾಸ ಇದೆ, ಅಲ್ಲಿ ಮಿಷನ್ ಬೋಟುಗಳಿಗೆ ದಡದ ಹತ್ತಿರ ಬಾರದಂತೆ ಕಟ್ಟು ಹಾಕಿದ್ದಾರಂತೆ, ನೋಡಿ ಕಲಿತು ಬರೋಣ ಎಂದಾಗ ಅವನಿಗೆ ರೋಮಾಂಚನವಾಯಿತು. ಕೇರಿಗೆ ಬಂದು ಹೇಳಿದ.

‘ಅಧ್ಯಯನ ಅಂದ್ರೆ ಎಂತದಾ?’ ಎಂದು ಕೇಳಿದ ವೆಂಕಟ್ರಮಣ. ಕೇರಿಯ ಬಾಯಿಬಡುಕ ಅವನೇ.

‘ಕಲಿಯೂದು.’

‘ಹಂಗಾರೆ ಪಾಟಿ ಬಳಪ ತಕಂಡ್ ಹೋಗು ಮಾರಾಯಾ.’

ಎಲ್ಲ ನಕ್ಕರು. ನಾಗಪ್ಪ ತಾಂಡೇಲ ಮಾತ್ರ ನಗಲಿಲ್ಲ. ತಾಂಡೇಲ ಅಂದರೆ ಬಲೆಯ ಯಜಮಾನ. ಯಾವಾಗ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾರಿಗೆ ಎಷ್ಟು ಪಾಲು, ಎಲ್ಲ ಅವನ ಬಾಯಿಂದ ಬರಬೇಕು. ಅವನು ಈರನನ್ನು ಹತ್ತಿರ ಕರೆದು ಕೂರಿಸಿಕೊಂಡ.

‘ಹತ್ತು ಕೇಳೂಕೆ ಹೋಗ್ಬೇಡ, ಹನ್ನೊಂದು ಮರ್ತ್ ಹೋಗ್ತದೆ. ಎರಡೇ ಕೇಳು. ಆ ಬೋಟಿನವ್ರು ಎಷ್ಟು ಮಾರು ನೀರಿನ ಒಳಗೆ ಬರೂಕಿಲ್ಲ? ಬಂದ್ರೆ ಅವ್ರನ್ನ ಹಿಡಿಯೂದು ಯಾರು? ಇಷ್ಟು ತಿಳ್ಕಂಡ್ ಬಾ. ಮುಂದಿಂದು ನಮ್ಗೆ ಬಿಡು.’

ಎರಡೂ ಕೈ ಚಾಚಿದರೆ ಒಂದು ಮಾರು. ನೀರಿನ ಆಳವನ್ನು ಕೇರಿಯವರು ಅಳೆಯುವುದು ಹಾಗೆ. ಈರ ಆ ಮಾತನ್ನು ಉಡಿಯಲ್ಲಿ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡ. ಅಲ್ಲಿಯವರಿಗೆ ತೋರಿಸಲು ಬೇಕಾದೀತೆಂದು ಬಲೆಯ ಒಂದು ಹರಕು ತುಂಡನ್ನೂ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಹೊನ್ನಾವರದಲ್ಲಿ ಮಟಾಡೋರ್ ವ್ಯಾನು ನಿಂತಿತ್ತು. ಒಳಗೆ ಹೆಗಡೆಯವರ ಹೆಂಡತಿ ವನಮಾಲಮ್ಮ, ಅವರ ತಂಗಿ ಪರಮೇಶ್ವರಿ, ಇಬ್ಬರು ಮಕ್ಕಳು, ನಾಯ್ಕರ ಹೆಂಡತಿ, ಗಿರಣಿಯವರ ಅತ್ತೆ. ಕಾಲಿಡಲು ಜಾಗವಿಲ್ಲ. ಭಟ್ಕಳದಲ್ಲಿ ಏನೋ ಮದುವೆ ಇರಬೇಕು, ಹೆಂಗಸರನ್ನು ಅಲ್ಲಿ ಇಳಿಸುತ್ತಾರೆ ಎಂದುಕೊಂಡು ಈರ ಹಿಂದಿನ ಸೀಟಿನಲ್ಲಿ ಸ್ಟೋವಿಗೂ ಬಾಳೆಗೊನೆಗೂ ನಡುವೆ ಮುದುಡಿ ಕುಳಿತ.

ಭಟ್ಕಳ ಬಂತು, ಹೋಯಿತು. ಯಾರೂ ಇಳಿಯಲಿಲ್ಲ. ಕುಂದಾಪುರ ಬಂತು. ಹೆಂಗಸರು ಚಕ್ಕುಲಿ ಡಬ್ಬಿ ತೆಗೆದರು.

‘ಎಂತದೋ ವಾಸನೆ ಬತ್ತಾ ಇದ್ದು,’ ಎಂದರು ವನಮಾಲಮ್ಮ, ಸೆರಗು ಮೂಗಿಗೆ ಹಿಡಿದು. ‘ಸತ್ತ ಹೆಗ್ಗಣ ಗಿಗ್ಗಣ ಇದ್ದೋ ನೋಡಿ.’

ಡ್ರೈವರ್ ವ್ಯಾನು ನಿಲ್ಲಿಸಿ ಹುಡುಕಿದ. ಸಿಕ್ಕಿದ್ದು ಈರನ ಬಲೆಯ ತುಂಡು. ಅದನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿಸಿದರು. ಈರನಿಗೆ ಮುಖ ಎತ್ತಲಾಗಲಿಲ್ಲ. ಗಣಪ ನಾಯ್ಕರು ಅವನ ತೊಡೆ ತಟ್ಟಿ, ‘ಬೇಜಾರ್ ಮಾಡ್ಕಬೇಡ್ವಾ’ ಎಂದರು. ಆಮೇಲೆ ಮುಂದಕ್ಕೆ ಬಾಗಿ, ನಾನೂ ಬರುತ್ತೇನೆ ಎನ್ನುವುದನ್ನು ಹೆಗಡೆಯವರ ಮನೆಮಾತಿನಲ್ಲೇ ಅಣಕಿಸುತ್ತ ಎಲ್ಲರಿಗೂ ಕೇಳುವಂತೆ, ‘ಹೆಗಡೇರ ಮನೇಲಿ ಆನೂ ಬತ್ತೆ, ಆನೂ ಬತ್ತೆ ಅಂದವ್ರಿಗೆಲ್ಲ ಸರ್ಕಾರ ಭತ್ತೆ ಕೊಡ್ತದೆ!’ ಎಂದರು.

ಹೆಗಡೆಯವರೂ ನಕ್ಕರು. ‘ನಿಮ್ಮನೆಯವರೂ ಬಂದಿದ್ದಾರಲ್ಲ ನಾಯ್ಕರೇ, ಅವರೇನು ಉಪವಾಸವೇ?’

ವ್ಯಾನೆಲ್ಲ ನಕ್ಕಿತು. ಈರನೂ ಹಲ್ಲು ತೋರಿಸಿದ. ಅದು ತಮಾಷೆಯೆಂದು ಅವನು ತಿಳಿದ. ಹೆಂಗಸರು ತಮ್ಮ ಖರ್ಚಿನಲ್ಲಿ ಬಂದಿರುತ್ತಾರೆ, ದೊಡ್ಡವರಿಗೆ ಅದೇನು ದೊಡ್ಡದು ಎಂದು ತಾನೇ ಸಮಾಧಾನ ಹೇಳಿಕೊಂಡ.

ಕೇರಳದ ನೆಲ ಸಿಕ್ಕಿದ ಮೇಲೆ ಈರ ಕಿಟಕಿಗೆ ಮುಖ ಒತ್ತಿ ಕುಳಿತ. ರಸ್ತೆಯ ಬದಿಗೆ ಒಂದು ಕಡೆ ಕಡಲು ಬಗ್ಗಿ ಹತ್ತಿರ ಬಂತು. ಕಣ್ಣು ತುಂಬುವಷ್ಟು ಬೋಟುಗಳು, ಮೀನು ಹರಡಿದ ಕಟ್ಟೆಗಳು, ಬಲೆ ನೇಯುತ್ತ ಕುಳಿತ ಗಂಡಸರು. ಅವನು ಸೀಟಿನಿಂದ ಅರ್ಧ ಎದ್ದ.

‘ಹೆಗಡೇರೇ, ಇಲ್ಲೇ. ಇಲ್ಲೇ ನಿಲ್ಸಿ.’

‘ತಿರುಗಿ ಬರುವಾಗ ಈರಾ. ಈಗ ನಿಂತರೆ ಗುರುವಾಯೂರಿನಲ್ಲಿ ಗುಡಿಯ ಬಾಗಿಲು ಮುಚ್ಚುತ್ತಾರೆ.’

ವ್ಯಾನು ನಿಲ್ಲಲಿಲ್ಲ. ಆ ಬಂದರು ಕಿಟಕಿಯಲ್ಲಿ ಬಂದು ಕಿಟಕಿಯಲ್ಲೇ ಹೋಯಿತು. ಅಧ್ಯಯನ ಆದದ್ದು ಅಷ್ಟೇ. ಆಮೇಲೆ ಗುಡಿ, ಗುಡಿಯ ಎದುರಿನ ಅಂಗಡಿ, ಅಂಗಡಿಯಿಂದ ಬಂಗಲೆ, ಬಂಗಲೆಯಿಂದ ಇನ್ನೊಂದು ಗುಡಿ. ಎಲ್ಲಿ ಹೋದರೂ ಹೆಗಡೆಯವರು ಇಳಿದು ಮೊದಲು ಕೇಳುವುದು, ‘ಇಲ್ಲಿ ಸರ್ಕಾರಿ ಬಂಗಲೆ ಎಲ್ಲಿ?’ ಎಂದು. ಸಮಿತಿ ಅಧ್ಯಕ್ಷರೆಂದು ಹೇಳಿ ಎರಡು ಕೋಣೆ ಬಿಡಿಸಿಕೊಂಡು, ಅಡಿಗೆಯವನನ್ನು ಕರೆದು ಪಾಯಸ ಮಾಡಿಸುವರು. ಮಕ್ಕಳು ಮಂಚದ ಮೇಲೆ ಕುಣಿಯುವರು. ಹೆಂಗಸರು ಸೀರೆ ಬಿಚ್ಚಿ ಬಿಚ್ಚಿ ಅಂಚು ನೋಡುವರು. ಈರ ವರಾಂಡದಲ್ಲಿ ಮಲಗುವನು. ಊಟಕ್ಕೇನೂ ಕೊರತೆ ಮಾಡಲಿಲ್ಲ. ಎಲೆ ತುಂಬ ಬಡಿಸಿದರು. ಮೊದಮೊದಲು ಅವನು ಉಂಡ. ಆಮೇಲಾಮೇಲೆ ಅರ್ಧಕ್ಕೇ ಎಲೆ ಮಡಚಿ ಏಳತೊಡಗಿದ.

ಕೇರಳ ದಾಟಿ ಕನ್ಯಾಕುಮಾರಿಯಲ್ಲಿ ಎಲ್ಲರೂ ಸೂರ್ಯೋದಯ ನೋಡಲು ಹೋದಾಗ ಈರ ಅವರಿಂದ ತಪ್ಪಿಸಿಕೊಂಡು ದಂಡೆಗುಂಟ ನಡೆದ. ಬಂಡೆ ದಾಟಿದರೆ ಅಲ್ಲಿ ಹತ್ತಾರು ಜನ ದಡದ ಬಲೆ ಎಳೆಯುತ್ತಿದ್ದರು. ಕೇರಿಯದೇ ಪದ್ಧತಿ, ಸ್ವಲ್ಪ ಸಣ್ಣ ಬಲೆ. ಈರ ಲುಂಗಿ ಎತ್ತಿ ಕಟ್ಟಿ ಹೋಗಿ ಹಗ್ಗಕ್ಕೆ ಕೈ ಹಾಕಿದ. ಯಾರೂ ಯಾಕೆ ಎನ್ನಲಿಲ್ಲ. ಬಲೆ ಬಂದ ಮೇಲೆ ಒಬ್ಬ ಮುದುಕ ಅವನ ಕೈಗೆ ಒಂದು ಹಿಡಿ ಮೀನು ಹಾಕಿ ಏನೋ ಕೇಳಿದ. ಈರನಿಗೆ ಆ ಭಾಷೆ ತಿಳಿಯದು. ಅವನು ಬಾಯಿಂದ ಬೋಟಿನ ಶಬ್ದ ಮಾಡಿ, ಕಡಲು ತೋರಿಸಿ, ಎರಡೂ ಕೈ ಚಾಚಿ ಎಷ್ಟು ಮಾರು ಎಂದು ಕೇಳಿದ. ಮತ್ತೊಮ್ಮೆ ಚಾಚಿದ. ಹುಡುಗರು ನಕ್ಕರು. ಮುದುಕ ನಗಲಿಲ್ಲ, ಕಡಲ ಕಡೆ ಕೈ ಬೀಸಿ ಉದ್ದಕ್ಕೆ ಏನೇನೋ ಹೇಳಿದ. ಒಂದು ಶಬ್ದವೂ ಈರನಿಗೆ ದಕ್ಕಲಿಲ್ಲ. ಅವನ ಮಾತು ಬಲ್ಲವರು ಯಾರಾದರೂ ಇದ್ದಾರೇನೋ ಎಂದು ಮುದುಕ ಮೇಲಿನ ಗುಡಿಸಲಿನ ಕಡೆ ಕೂಗಿ ಯಾರನ್ನೋ ಕರೆದ. ಗುಡಿಸಲಿನಿಂದ ಒಬ್ಬ ಏಳುವುದಕ್ಕೂ ರಸ್ತೆಯ ಮೇಲೆ ವ್ಯಾನಿನ ಹಾರನ್ ಹೊಡೆದುಕೊಳ್ಳುವುದಕ್ಕೂ ಸರಿಯಾಯಿತು.

‘ಒಂದು ಗಳಿಗೆ ಹೆಗಡೇರೇ,’ ಎಂದು ಓಡಿಬಂದು ಬೇಡಿದ ಈರ. ‘ಒಬ್ಬವ ಬತ್ತಾ ಇದ್ದ. ಕೇಳ್ಕಂಡ್ ಬತ್ತೆ.’

‘ನಿನ್ನೊಬ್ಬನಿಗಾಗಿ ಇಷ್ಟು ಜನ ಕಾಯಬೇಕೋ? ಹೆಂಗಸರಿಗೆ ಶುಚೀಂದ್ರದ ಗುಡಿಗೆ ಹೋಗಬೇಕು. ಕೈ ತೊಳೆದುಕೊಂಡು ಹತ್ತು ಮೊದಲು.’

ಹತ್ತಿದ. ತಿರುಗಿ ಬರುವಾಗಲೂ ಆ ಬಂದರಿನಲ್ಲಿ ನಿಲ್ಲಲಿಲ್ಲ. ಆಗ ಎಲ್ಲರೂ ನಿದ್ದೆಯಲ್ಲಿದ್ದರು.

ಹೆಬಳೆಯಲ್ಲಿ ಗಣಪ ನಾಯ್ಕರ ಮನೆಯಲ್ಲಿ ಊಟಕ್ಕೆ ಇಳಿದರು. ಪ್ರವಾಸದ ಬಿಲ್ಲು ಪಾಸು ಮಾಡುವ ಸಾಹೇಬರೂ ಅಲ್ಲಿಗೆ ಬಂದು ಕಾದಿದ್ದರು. ಚಾವಡಿಯಲ್ಲಿ ಕುರ್ಚಿ ಹಾಕಿದ್ದರು. ಸಾಹೇಬರು ಶರಬತ್ತು ಕುಡಿಯುತ್ತ ಕೇಳಿದರು:

‘ಹೇಗಾಯ್ತು ಅಧ್ಯಯನ? ಮಹಿಳಾ ಪ್ರತಿನಿಧಿಗಳು ಏನು ಹೇಳ್ತಾರೆ?’

ಯಾವ ಮಹಿಳೆ ಎಂದು ಈರ ಸುತ್ತ ನೋಡಿದ. ವನಮಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಗಣಪ ನಾಯ್ಕರು ಅವನ ಕಿವಿಗೆ ಬಗ್ಗಿ, ‘ನಮ್ಮ ಹೆಂಗಸ್ರೇ ಮಾರಾಯಾ’ ಎಂದರು. ‘ಮೀನು ಮಾರೂ ಹೆಂಗಸ್ರ ಪ್ರತಿನಿಧಿಗಳು ಅಂತ ಹೆಸ್ರು ಕೊಟ್ಟದ್ದು. ಇಲ್ದೆ ಹೋದ್ರೆ ಅವ್ರ ಭತ್ತೆ ಹುಟ್ಟೂದು ಎಲ್ಲಿಂದ?’

ಈರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮನಸ್ಸು ಮನೆಗೆ ಹೋಯಿತು. ಅಲ್ಲಿ ಅವನ ಹೆಂಡತಿ ಮಾದೇವಿ ಇದ್ದಳು. ನಸುಕಿಗೆ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ನಡೆಯುವವಳು, ಕುತ್ತಿಗೆ ಒಂದು ಕಡೆ ವಾಲಿಯೇ ಹೋಗಿತ್ತು ಅವಳದು. ಬಲೆಯ ತುಂಡಿನ ವಾಸನೆಗೆ ವ್ಯಾನು ನಿಲ್ಲಿಸಿದವರು ಅವಳ ಹೆಸರಿನಲ್ಲಿ ಸೀರೆ ತಂದಿದ್ದರು.

‘ಮೀನುಗಾರರ ಜೊತೆ ಚರ್ಚೆ ಆಯಿತೋ?’ ಎಂದರು ಸಾಹೇಬರು.

‘ಆಗದೇ?’ ಎಂದರು ಹೆಗಡೆಯವರು. ‘ನಮ್ಮ ಈರನೇ ಕನ್ಯಾಕುಮಾರಿಯಲ್ಲಿ ನೀರಿಗಿಳಿದು ಅವರೊಡನೆ ಬಲೆ ಎಳೆದು ಚರ್ಚೆ ಮಾಡಿದ್ದಾನೆ. ಕೇಳಿ ಬೇಕಾದರೆ. ಹೇಳೋ ಈರಾ.’

ಚಾವಡಿಯವರೆಲ್ಲ ಅವನ ಕಡೆ ತಿರುಗಿದರು. ಹೆಗಡೆಯವರ ಕಣ್ಣು ಮಾತ್ರ ಬೇರೆಯದನ್ನು ಹೇಳುತ್ತಿತ್ತು: ಒಂದು ಒಳ್ಳೆಯ ಮಾತು ಹೇಳು, ನಿನ್ನ ಬಲೆಯ ಮಾತು ನಾನು ಮೇಲೆ ಮುಟ್ಟಿಸುತ್ತೇನೆ. ಈರ ಎದ್ದು ನಿಂತ. ಟವೆಲು ಹೆಗಲಿನಿಂದ ತೆಗೆದ.

‘ಸಾಹೇಬ್ರೇ, ನಾ ಚರ್ಚೆ ಮಾಡ್ಲಿಲ್ಲ. ಅವ್ರು ಹೇಳಿದ್ದು ನಂಗೆ ತಿಳೀಲಿಲ್ಲ. ತಿಳಿದವ ಬರೂದ್ರೊಳಗೆ ಇವ್ರು ಹಾರನ್ ಹೊಡದ್ರು. ಬಂದರ ಸಿಕ್ತು, ನಿಲ್ಸಲಿಲ್ಲ. ನಾವು ನೋಡಿದ್ದು ದೇವಸ್ಥಾನ. ಮತ್ತೆ ಸೀರೆ ಅಂಗಡಿ. ಈ ಅಮ್ನೋರು ಯಾರೂ ಮೀನು ಮಾರೂ ಹೆಂಗಸ್ರಲ್ಲ.’

ಈರ ಕಾದ. ಆಕಾಶ ಬೀಳುತ್ತದೆ ಎಂದು ಅವನಿಗೆ ಅನಿಸಿತ್ತು.

ಸಾಹೇಬರು ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು. ‘ಭಾರಿ ತಮಾಷೆ ಮನುಷ್ಯ ಇವನು,’ ಎಂದು ಹೆಗಡೆಯವರಿಗೆ ಹೇಳಿ ನಕ್ಕರು.

‘ದಾರಿಯುದ್ದಕ್ಕೂ ನಮ್ಮನ್ನ ನಗಿಸಿ ಸಾಕು ಮಾಡಿದ್ದಾನೆ,’ ಎಂದರು ಹೆಗಡೆಯವರು. ಎಲ್ಲರೂ ನಕ್ಕರು. ವನಮಾಲಮ್ಮ ಒಳಗಿನಿಂದ ಒಂದು ಪೊಟ್ಟಣ ತಂದು ಸಾಹೇಬರ ಪಕ್ಕದ ಮೇಜಿನ ಮೇಲಿಟ್ಟರು. ‘ನಿಮ್ಮ ಮನೆಯವರಿಗೆ ಒಂದು ಸೀರೆ, ಮತ್ತೆ ಬಾಳೆಕಾಯಿ ಚಿಪ್ಸು. ಅಲ್ಲಿಯದ್ದು ಬಹಳ ಗರಿ ಇರ್ತದೆ,’ ಎಂದರು. ಸಾಹೇಬರು, ಇದೆಲ್ಲ ಯಾಕೆ ಎನ್ನುತ್ತಲೇ ಪೊಟ್ಟಣ ತಮ್ಮ ಕಡೆಗೆ ಸರಿಸಿಕೊಂಡು, ಬರುವ ವರ್ಷ ಕಾಶ್ಮೀರಕ್ಕೆ ಹೋಗುವುದಾದರೆ ತಮ್ಮ ಅತ್ತೆಯೂ ಬರುತ್ತಾರೆ ಎಂದರು.

‘ಕಾಶ್ಮೀರದಲ್ಲಿ ಎಂತ ಸಮುದ್ರ ಸಾಹೇಬ್ರೇ?’ ಎಂದು ಕೇಳಿದರು ನಾಯ್ಕರು.

‘ಸರೋವರ ಇದೆಯಲ್ಲ! ಸಿಹಿ ನೀರಿನ ಮೀನು ಅಧ್ಯಯನ ಮಾಡಬೇಡವೇ?’

ಆ ನಗೆಯೊಳಗೆ ಈರ ನಿಂತೇ ಇದ್ದ. ಕುಳಿತುಕೋ ಎಂದು ಯಾರೂ ಹೇಳಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಇವರಿಗೆ ಸಿಟ್ಟೂ ಬರುವುದಿಲ್ಲ ಎನ್ನುವುದು ಅವನಿಗೆ ತಿಳಿದದ್ದು ಆಗ. ಎಲೆಗೆ ಕರೆದಾಗ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೊರಟ. ಭಟ್ಕಳದವರೆಗೆ ನಡೆದುಹೋಗಿ ಬಸ್ಸು ಹಿಡಿದ.

ಮನೆಗೆ ಬಂದಾಗ ಮಾದೇವಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

‘ಇದೆಲ್ಲಿಂದ?’

‘ನಿಮ್ಮ ಪಾಲು. ದಿನಾ ಬಂತು. ಬಿದ್ದದ್ದೇ ಕಡಿಮೆ, ಆದ್ರೂ ತಾಂಡೇಲ ತಪ್ಸಲಿಲ್ಲ. ಬಲೆ ಕೆಲ್ಸಕ್ಕೆ ಪರವೂರಿಗೆ ಹೋದವ ಹಗ್ಗ ಮುಟ್ಟದ ಹಾಗೇ ಲೆಕ್ಕ, ಅಂದ. ಉಂಡು ಮಿಕ್ಕಿದ್ದು ಒಣಗಿಸ್ದೆ.’ ಅವಳು ನಾಲಿಗೆ ಕಚ್ಚಿಕೊಂಡಳು. ‘ಮುಟ್ಟಿದ ಹಾಗೇ ಲೆಕ್ಕ, ಅಂದ. ನನ್ನ ಬಾಯಿ ನೋಡಿ.’

ಈರ ಜಗುಲಿಯ ಮೇಲೆ ಕುಳಿತ. ಅವಳ ಬಾಯಿ ತಪ್ಪಿ ಆಡಿದ್ದೇ ಸರಿ ಅನ್ನಿಸಿತು. ಆ ಪದ್ಧತಿ ಅವನಿಗೆ ಗೊತ್ತಿಲ್ಲದ್ದಲ್ಲ. ಹಗ್ಗ ಮುಟ್ಟಿದವನಿಗೆ ಪಾಲು, ಮುಟ್ಟದವನಿಗೆ ಇಲ್ಲ. ದೋಣಿಗೆ ಹಲಗೆ ತರಲು ಹೋದವನೋ ಬಲೆಗೆ ನೂಲು ತರಲು ಹೋದವನೋ ಆದರೆ ಅವನ ಕೈ ಹಗ್ಗದ ಮೇಲೇ ಇದೆ ಎಂದು ತಿಳಿಯಬೇಕು. ಆದರೆ ಈ ಪ್ರವಾಸಕ್ಕೂ ಕೇರಿ ಹಾಗೆ ತಿಳಿದೀತು ಎಂದು ಅವನು ಎಣಿಸಿರಲಿಲ್ಲ. ಅವನು ಪಾಯಸದ ಎಲೆಯ ಮುಂದೆ ಕುಳಿತಿದ್ದಾಗ ಇಲ್ಲಿ ಹಗ್ಗ ಎಳೆದವರು ತಮ್ಮ ಪಾಲಿನಲ್ಲಿ ಅವನದನ್ನು ತೆಗೆದಿಟ್ಟಿದ್ದರು. ಎಲ್ಲವನ್ನೂ ಅವಳಿಗೆ ಹೇಳಿದ. ಮೀನು ಮಾರುವ ಹೆಂಗಸರ ಪ್ರತಿನಿಧಿಗಳ ಮಾತು ಬಂದಾಗ ಮಾದೇವಿಯ ಕೈ ನಿಂತಿತು.

‘ಯಾರು? ಆ ಮೂಗು ಮುಚ್ಚಿಕಂಡವ್ರಾ?’

‘ಹೌದು.’

‘ಥೂ,’ ಎಂದಳು. ಮೀನು ಮಗುಚಿ ಮತ್ತೊಮ್ಮೆ, ‘ಥೂ.’

ಸಂಜೆ ಈರ ಒಣಮೀನನ್ನೆಲ್ಲ ಬುಟ್ಟಿಗೆ ತುಂಬಿ ದಡಕ್ಕೆ ಒಯ್ದು ತಾಂಡೇಲನ ಮುಂದೆ ಇಟ್ಟ. ಕೇರಿಯವರು ಕೂಡಿದ್ದರು, ಎಷ್ಟು ಮಾರು ಎಂದು ಕೇಳಲು. ಅವನು ನಿಂತುಕೊಂಡೇ ಹೇಳಿದ, ಏನನ್ನೂ ಬಿಡಲಿಲ್ಲ.

ವೆಂಕಟ್ರಮಣ, ‘ದೇವಸ್ಥಾನದ ಗೋಪುರ ಎಷ್ಟು ಮಾರು ಇತ್ತಾ?’ ಎಂದ. ಯಾರೂ ನಗದೆ ಇದ್ದದ್ದಕ್ಕೆ ಅವನೂ ತಲೆ ತಗ್ಗಿಸಿದ.

‘ನೀ ಕೇಳೂಕೆ ಹೋಗಿದ್ಯಲಾ,’ ಎಂದ ತಾಂಡೇಲ. ‘ಬಲೆ ಖಾಲಿ ಬಂದ್ರೆ ಎಳೆದವನ ತಪ್ಪಾ?’

‘ಬಲೆ ಬಿಡ್ಲೇ ಇಲ್ಲ ತಾಂಡೇಲಾ. ಅವ್ರ ಸಂಗಡ ಕೂತು ಉಂಡೆ. ಈ ಪಾಲು ನಂದಲ್ಲ.’

‘ಕೊಟ್ಟ ಪಾಲು ತಿರುಗಿ ತಕಂಬೂ ಪದ್ಧತಿ ಇಲ್ಲ.’

‘ಹಂಗಾರೆ ನಾ ಹೋದಷ್ಟು ದಿನ ಪಾಲಿಲ್ದೆ ಎಳೀತೆ.’

ತಾಂಡೇಲ ಬುಟ್ಟಿಯನ್ನು ಈರನ ಕಡೆಗೇ ತಿರುಗಿ ಸರಿಸಿದ. ಆಮೇಲೆ, ‘ಆತು’ ಎಂದ.

ಮರುದಿನದಿಂದ ಈರ ಹಗ್ಗಕ್ಕೆ ನಿಂತ. ಅಂಥ ಒಂದು ಬೆಳಿಗ್ಗೆ, ಬಲೆ ಅರ್ಧ ಎಳೆದಿದ್ದಾಗ, ಸಮಿತಿಯ ಗುಮಾಸ್ತ ಶ್ಯಾನಭಾಗ ಸೈಕಲನ್ನು ಕೇದಗೆಯ ಪೊದೆಗೆ ಒರಗಿಸಿ ಮರಳಿನಲ್ಲಿ ಚಪ್ಪಲಿ ಎಳೆಯುತ್ತ ಬಂದ.

‘ಈರಾ, ನಿನ್ನ ಭತ್ತೆ ಬಂದು ಬಿದ್ದಿದೆ. ಬಂದು ತಕೊಂಡು ಹೋಗು.’

ಹಗ್ಗದ ಮೇಲಿನ ಕೈಗಳೆಲ್ಲ ಸಡಿಲವಾದವು. ಎಲ್ಲರ ಕಣ್ಣೂ ಈರನ ಮೇಲೆ.

‘ನಂಗೆ ಬೇಡ. ನಾ ಅಲ್ಲಿ ಎಂತ ಕೆಲ್ಸವೂ ಮಾಡ್ಲಿಲ್ಲ.’

‘ಮರುಳೇನೋ ನೀನು? ನೀ ಬಿಟ್ಟರೆ ಅದು ಸರ್ಕಾರಕ್ಕೆ ತಿರುಗಿ ಹೋಗ್ತದೆ ಅಂದುಕೊಂಡ್ಯೋ? ಹೆಗಡೇರು ನಿನ್ನ ಹೆಸರಿಗೆ ತಾವೇ ಎತ್ತುತ್ತಾರೆ. ಅಷ್ಟೇ.’

ಈರನಿಗೆ ಇದು ಹೊಳೆದಿರಲಿಲ್ಲ. ತೆಗೆದುಕೊಂಡರೂ ಅವರ ಜೊತೆಗಾರ, ಬಿಟ್ಟರೂ ಅವರ ಹೊಟ್ಟೆಗೇ. ಅವನ ಹೆಸರು ಇನ್ನು ಅವನ ಕೈಯಲ್ಲಿಲ್ಲ. ಅಲ್ಲೆಲ್ಲೋ ಒಂದು ಎಲೆಯ ಮುಂದೆ ಕುಳಿತು ಉಣ್ಣುತ್ತಿದೆ. ಪಕ್ಕಕ್ಕೆ ತಿರುಗಿ ಉಗುಳಿದ.

ಪೇಟೆಗೆ ಹೊರಡಲು ಬುಟ್ಟಿ ಹಿಡಿದು ನಿಂತಿದ್ದ ಮಾದೇವಿ ಮುಂದೆ ಬಂದಳು. ಹೆಂಗಸರು ದಾರಿ ಬಿಟ್ಟರು.

‘ಶ್ಯಾನಭಾಗ್ರೇ, ನಿಮ್ಮ ಹೆಗಡೇರಿಗೆ ಒಂದು ಮಾತು ಹೇಳಿ. ಅವ್ರ ಮನೆ ಅಮ್ನೋರು ಮೀನು ಮಾರೂ ಹೆಂಗಸ್ರಾದ್ರೆ ನಾಳೆ ಪೇಟೆಗೆ ಬರ್ಲಿ. ನನ್ನ ಜಾಗ ಬಿಟ್ಟು ಕೊಡ್ತೆ. ಬುಟ್ಟಿ ಬೇಕಾರೂ ಕೊಡ್ತೆ. ನೀರು ಸೋರಿ ಬೆನ್ನ ಮೇಲೆ ಇಳೀತದೆ, ಸೀರೆ ಹಳೇದು ಉಟ್ಕಂಡ್ ಬರೂಕೆ ಹೇಳಿ.’

ಕೇರಿಯಲ್ಲಿ ಯಾರೋ ಕಿಸಕ್ಕೆಂದರು. ಶ್ಯಾನಭಾಗ ಅತ್ತ ಇತ್ತ ನೋಡಿದ. ‘ನಂಗೆಂತಕ್ಕೆ ಹೇಳ್ತೀಯೇ, ನಾನು ಹೇಳಿದ್ದು ಮಾಡುವವ’ ಎಂದು ಗೊಣಗುತ್ತ ಸೈಕಲಿನ ಕಡೆ ಹೊರಟ.

‘ಮುಂದಿನ ಸಭೆ ಯಾವಾಗ?’ ಎಂದು ಹಿಂದಿನಿಂದ ಕೂಗಿ ಕೇಳಿದ ಈರ.

‘ಯಾಕೆ? ನೀ ಬತ್ಯೋ?’

‘ಬತ್ತೆ. ಚಾವಡಿಯಲ್ಲಿ ಹೇಳಿದ್ದೇ ಮತ್ತೆ ಹೇಳ್ತೆ. ಅವ್ರು ನಗ್ಲಿ. ಆ ಕುರ್ಚಿ ಬಿಟ್ರೆ ಅದರಲ್ಲೂ ಅವ್ರ ಅತ್ತೆ ಬಂದು ಕೂತ್ಕಂತದೆ.’

‘ಮಾತು ಸಾಕು, ಎಳೀರಾ!’ ಎಂದು ತಾಂಡೇಲ ಕೂಗಿದ. ಕೈಗಳು ಮತ್ತೆ ಬಿಗಿಯಾದವು. ಬಲೆ ದಡಕ್ಕೆ ಬಂತು. ಅರ್ಧ ಲೋಳೆಮೀನು, ಅಡಿಯಲ್ಲಿ ಒಂದಿಷ್ಟು ಬಂಗಡೆ. ಹೆಂಗಸರು ಬುಟ್ಟಿ ತಂದು ಸುತ್ತ ಕುಳಿತರು. ತಾಂಡೇಲ ಪಾಲು ಹಾಕಲು ಬಗ್ಗಿದಾಗ ಈರ ಅಲ್ಲಿಂದ ದೂರ ಹೋಗಿ, ಒದ್ದೆ ಹಗ್ಗದ ಮರಳು ಒರೆಸಿ ಒರೆಸಿ ಸುತ್ತತೊಡಗಿದ.